ಮಂತ್ರಿಗೆ ಯಾವ ಮಂತ್ರ ಗೊತ್ತು?

ತೆಂಕುತಿಟ್ಟು

ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರಿನ ಕಡೆಯವ, ಹವ್ಯಾಸಿ ಅರ್ಥಧಾರಿ. ಹಗಲು ಅಡಿಕೆ ವ್ಯಾಪಾರ, ರಾತ್ರಿ ಎಲ್ಲಿ ಕರೆದರೆ ಅಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕಳೆದ ತಿಂಗಳು ಒಂದು ಕೂಟದಲ್ಲಿ ನನ್ನದು ವಿದುರ. ಎದುರು ಧೃತರಾಷ್ಟ್ರನಾಗಿ ಕೂತವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ಮಾತಿನಲ್ಲಿ ಪಳಗಿದವರು. "ಅಣ್ಣಾ, ನಾನು ನಿನ್ನ ಮಂತ್ರಿ, ನನ್ನ ಮಾತು ಕೇಳು" ಅಂತ ನಾನು ಹೇಳಿದ್ದೇ ತಡ, ಅವರು ಆ ಪದವನ್ನೇ ಹಿಡಿದುಕೊಂಡರು. "ಮಂತ್ರಿ ಎನ್ನುತ್ತೀಯಲ್ಲ ತಮ್ಮಾ, ಮಂತ್ರ ಹೇಳಲಿಕ್ಕೆ ನಮ್ಮಲ್ಲಿ ಪುರೋಹಿತರಿದ್ದಾರೆ. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ನಿನಗೆ ಯಾವ ಮಂತ್ರ ಗೊತ್ತು? ಅದರ ಅಧಿಕಾರ ಕೊಟ್ಟವರು ಯಾರು?"

ನನ್ನ ಬಾಯಿ ಕಟ್ಟಿಹೋಯಿತು. ಅನುಭವ, ವಿವೇಕ ಅಂತ ಏನೋ ಎರಡು ಮಾತು ಹೇಳಿದೆ, ನಿಲ್ಲಲಿಲ್ಲ. ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರು, ಪ್ರಸಂಗ ಮುಂದೆ ಹೋಯಿತು. ಆದರೆ ಆ ಪ್ರಶ್ನೆ ಅಲ್ಲೇ ಉಳಿಯಿತು.

ಬರುವ ತಿಂಗಳು ಅದೇ ಪ್ರಸಂಗ, ಅದೇ ಜೋಡಿ. ಅವರು ಬಿಡುವ ಪೈಕಿ ಅಲ್ಲ, ಪುನಃ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಇಲ್ಲಿ ತಿಳಿದವರಲ್ಲಿ ಕೇಳುತ್ತಿದ್ದೇನೆ. ಮಂತ್ರಿ ಎನ್ನುವ ಪದಕ್ಕೂ ಮಂತ್ರಕ್ಕೂ ಏನು ಸಂಬಂಧ? ಸಲಹೆ ಕೊಡುವವನಿಗೆ ಈ ಹೆಸರು ಹೇಗೆ ಬಂತು?

ಸಾಗರದವಳು

ನನಗೆ ಗೊತ್ತಿರುವುದು ನಮ್ಮ ಅಜ್ಜ ಹೇಳುತ್ತಿದ್ದದ್ದು. "ಮನನಾತ್ ತ್ರಾಯತೇ ಇತಿ ಮಂತ್ರಃ", ಮನನ ಮಾಡಿದವನನ್ನು ಕಾಪಾಡುವುದು ಮಂತ್ರ. ಹಾಗೆ ನೋಡಿದರೆ ರಾಜ್ಯದ ಬಗ್ಗೆ ಮನನ ಮಾಡಿ ರಾಜನನ್ನು ಕಾಪಾಡುವವನು ಮಂತ್ರಿ ಎನ್ನಬಹುದಲ್ಲವೇ? ವಿದುರನಿಗೆ ಸರಿಯಾಗಿ ಹೊಂದುತ್ತದೆ.

ಆದರೆ ನಿಮ್ಮ ಧೃತರಾಷ್ಟ್ರರು "ಮಂತ್ರಕ್ಕೆ ಮಾವಿನಕಾಯಿ ಉದುರೀತೇ" ಎಂದುಬಿಟ್ಟರೆ ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿರಿ.

ಹಸ್ತಪ್ರತಿ

ಸಾಗರದವರ ಅಜ್ಜ ಹೇಳಿದ ವಾಕ್ಯ ಉಪಾಸಕರ ಪರಂಪರೆಯದು. ಭಕ್ತಿಗೆ ಅದು ದೊಡ್ಡ ಅರ್ಥ, ನಾನೂ ಗೌರವದಿಂದ ಹೇಳುತ್ತೇನೆ. ಆದರೆ ಪದ ಹುಟ್ಟಿದ್ದು ಆ ದಾರಿಯಲ್ಲಲ್ಲ. ಮೂವತ್ತು ವರ್ಷ ಸಂಸ್ಕೃತ ಪಾಠ ಮಾಡಿದವನಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

'ಮನ್' ಎಂದರೆ ಯೋಚಿಸು. ಅದಕ್ಕೆ 'ತ್ರ' ಎಂಬ ಪ್ರತ್ಯಯ ಸೇರಿದೆ. ಈ 'ತ್ರ' ಸಾಧನವನ್ನು ಹೇಳುತ್ತದೆ. ಕೊಯ್ಯುವ ಕುಡುಗೋಲು 'ದಾತ್ರ', ಹೊದೆಯುವ ಬಟ್ಟೆ 'ವಸ್ತ್ರ'. ಹಾಗೆಯೇ ಯೋಚನೆಯ ಸಾಧನ 'ಮಂತ್ರ'. 'ತ್ರಾಯತೇ' ಎಂಬ ಕಾಪಾಡುವ ಅರ್ಥ ಅಲ್ಲಿಲ್ಲ. ವೇದದಲ್ಲಿ ಯೋಚಿಸಿ ಕಟ್ಟಿದ ಮಾತು ಮಂತ್ರವಾಯಿತು, ರಾಜನೀತಿಯಲ್ಲಿ ಯೋಚಿಸಿ ಹೇಳಿದ ಮಾತು ಮಂತ್ರವಾಯಿತು. ಮಂತ್ರ ಯಾರಲ್ಲಿ ಇದೆಯೋ ಅವನು ಮಂತ್ರಿ, ಧನ ಇರುವವನು ಧನಿ ಆದ ಹಾಗೆ.

ನಿಮಗೆ ನಿಜವಾಗಿ ಬೇಕಾದದ್ದು ಇನ್ನು ಮುಂದೆ ಇದೆ. ಪಾಣಿನೀಯರ ಧಾತುಪಾಠದಲ್ಲಿ, ಅಂದರೆ ಸಂಸ್ಕೃತ ಕ್ರಿಯಾಪದಗಳ ಬೇರುಗಳ ಪಟ್ಟಿಯಲ್ಲಿ, ಒಂದು ಧಾತು ಇದೆ. "ಮತ್ರಿ ಗುಪ್ತಪರಿಭಾಷಣೇ". ಇದರಿಂದಲೇ 'ಮಂತ್ರಯತೇ' ಎಂಬ ಕ್ರಿಯಾಪದ ಆಗುವುದು. ಅರ್ಥ ಏನು ಕೊಟ್ಟಿದ್ದಾರೆ ನೋಡಿ: ಗುಪ್ತಪರಿಭಾಷಣ, ಗುಟ್ಟಾಗಿ ಮಾತಾಡಿಕೊಳ್ಳುವುದು. ಹೋಮ, ಅಗ್ನಿ, ಪುರೋಹಿತ ಯಾವುದೂ ಅದರಲ್ಲಿಲ್ಲ. ಇಬ್ಬರು ಮೂವರು ತಲೆ ಹತ್ತಿರ ತಂದು ಮೆಲ್ಲಗೆ ಆಡುವ ಮಾತು. ಮಂತ್ರಿ ಅಂದರೆ ಆ ಮಾತಿಗೆ ಕರೆಸಿಕೊಳ್ಳುವವನು.

ನಾವು ದಿನಾ ಬಳಸುವ ಆಮಂತ್ರಣ, ನಿಮಂತ್ರಣ ಕೂಡ ಇದೇ ಮನೆಯವು. 'ಆ' ಸೇರಿದಾಗ ಒಬ್ಬನ ಕಡೆಗೆ ತಿರುಗಿ ಮಾತಾಡು, ಕರೆ ಎಂಬ ಅರ್ಥ. ಸಂಬೋಧನೆಯ ರೂಪಕ್ಕೆ ಪಾಣಿನಿ ಇಟ್ಟ ಹೆಸರೇ 'ಆಮಂತ್ರಿತ'. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಯಾರೂ ಯಾವ ಮಂತ್ರವನ್ನೂ ಪಠಿಸುತ್ತಿಲ್ಲವಲ್ಲ!

ಹಳಗನ್ನಡದ ಕವಿಗಳು ಇದನ್ನು ಚೆನ್ನಾಗಿ ಬಲ್ಲವರು. ಮಂತ್ರಣ ಎಂಬುದನ್ನು ಕನ್ನಡದ ನಾಲಿಗೆಗೆ ಹೊಂದಿಸಿ 'ಮಂತಣ' ಎಂದರು. ಗುಟ್ಟಿನ ಸಮಾಲೋಚನೆ ಎಂದೇ ಅದರ ಅರ್ಥ.

ಬಣವಿ

ಹಸ್ತಪ್ರತಿ ಗುರುಗಳು ಹೇಳಿದ್ದು ಓದಿ ನಮ್ಮನಿ ಆಸ್ತಿ ವಾಟ್ನಿ ನೆನಪಾತು. ಹಾವೇರಿ ಕಡೆ ನಮ್ಮೂರು. ನಮ್ಮಪ್ಪ, ದೊಡ್ಡಪ್ಪ, ಕಾಕಾ ಮೂರೂ ಮಂದಿ ಬ್ಯಾರೆ ಆಗುವಾಗ ನಾ ಎಂಟನೇತ್ತ ಓದತಿದ್ದೆ. ಊರಾಗಿನ ಐದು ಮಂದಿ ಹಿರ್ಯಾರು ಬಂದು ಪಡಸಾಲ್ಯಾಗ ಜಮಖಾನಿ ಮ್ಯಾಲ ಕುಂತಿದ್ರು. ಭಾವಿ ಇರೋ ಹೊಲ ಯಾರಿಗೆ ಅನ್ನೂದಕ್ಕ ಜಗಳ ಹತ್ತಿ, ಮಧ್ಯಾಹ್ನದ ಊಟಾನೂ ಯಾರೂ ಮಾಡಲಿಲ್ಲ.

ಒಂದು ಹೊತ್ತಿನ್ಯಾಗ ಐದೂ ಮಂದಿ ಹಿರ್ಯಾರು ಏನೂ ಹೇಳದ ಎದ್ರು, ಹಿತ್ತಲ ಬಾಗಲಾ ದಾಟಿ ಬಣವಿ ಹಿಂದ ಹೋಗಿ ನಿಂತ್ರು. ನಾ ಕಣದ ಈ ಕಡೆ ಎಮ್ಮಿಗೆ ನೀರು ಕುಡಸತಿದ್ದೆ. ಅವರ ತಲಿ ಅಷ್ಟ ಕಾಣತಿದ್ದವು, ತಲಿಗೆ ಸುತ್ತಿದ ಐದು ಪಟಗಾ ಒಂದಕ್ಕೊಂದು ಹತ್ತಿದಂಗ. ಒಂದ ಮಾತೂ ಕೇಳಸಲಿಲ್ಲ. ಒಬ್ಬಾತ ಕೋಲಿಂದ ನೆಲದ ಮ್ಯಾಲ ಗೆರಿ ಎಳದು ಏನೋ ತೋರಸತಿದ್ದ. ಅರ್ಧಾ ತಾಸು ಆದಮ್ಯಾಲ ಬಂದು ಕುಂತು ಒಬ್ಬರ ಬಾಯಿಂದ ಒಂದ ಮಾತು ಹೇಳಿದ್ರು: ಹೊಲ ಸಣ್ಣಾಂವಗ, ನೀರು ಮೂರೂ ಮಂದಿಗೆ ಪಾಳಿ ಪ್ರಕಾರ. ಇವತ್ತಿಗೂ ಹಂಗ ನಡದೈತಿ.

ಬಣವಿ ಹಿಂದ ಯಾರು ಏನಂದ್ರು ಅನ್ನೂದು ಇವತ್ತಿನ ತನಕ ಯಾರಿಗೂ ಗೊತ್ತಿಲ್ಲ. ಆ ಐದೂ ಮಂದಿ ಈಗಿಲ್ಲ. ಗುಪ್ತಪರಿಭಾಷಣ ಅಂದ್ರ ಅದ ಇರಬೇಕು ನೋಡ್ರಿ.

ತೆಂಕುತಿಟ್ಟು

ಬಣವಿಯವರೇ, ಆ ಐದು ಪಟಗಾ ಕಣ್ಣಿಗೆ ಕಟ್ಟಿತು. ಹಸ್ತಪ್ರತಿ ಗುರುಗಳಿಗೆ ಸಾಷ್ಟಾಂಗ. "ಗುಪ್ತಪರಿಭಾಷಣೇ" ಈಗಾಗಲೇ ಬಾಯಿಪಾಠ ಆಯಿತು.

ಇನ್ನೊಂದು ಸಂಶಯ. ನಾವು ಕೂಟದಲ್ಲಿ ಮಂತ್ರಿ, ಸಚಿವ, ಅಮಾತ್ಯ ಮೂರನ್ನೂ ಒಂದೇ ಎಂಬಂತೆ ಪ್ರಾಸಕ್ಕೆ ಬೇಕಾದ ಹಾಗೆ ಬಳಸುತ್ತೇವೆ. ಅವು ಒಂದೆಯೋ ಬೇರೆ ಬೇರೆಯೋ?

ಹಸ್ತಪ್ರತಿ

ಬೇರೆ ಬೇರೆ. ಬಹಳ ಚೆನ್ನಾಗಿ ಬೇರೆ.

'ಸಚ್' ಎಂದರೆ ಜೊತೆಗೆ ಹೋಗು, ಹಿಂಬಾಲಿಸು. ಸಚಿವ ಎಂದರೆ ಒಡನಾಡಿ, ಜೊತೆಗಾರ. ಇನ್ನು ಅಮಾತ್ಯ. 'ಅಮಾ' ಎಂಬುದು ವೇದಕಾಲದ ಹಳೆಯ ಅವ್ಯಯ, ಮನೆಯಲ್ಲಿ, ಹತ್ತಿರ, ಒಟ್ಟಿಗೆ ಎಂದು ಅರ್ಥ. ಅದಕ್ಕೆ 'ತ್ಯ' ಸೇರಿ ಅಮಾತ್ಯ. ಮನೆಯವನು, ಹತ್ತಿರದವನು. ಈ 'ಅಮಾ' ನಿಮಗೆಲ್ಲ ಗೊತ್ತಿರುವ ಇನ್ನೊಂದು ಪದದಲ್ಲಿ ಇಂದಿಗೂ ಇದೆ: ಅಮಾವಾಸ್ಯೆ. ಸೂರ್ಯ ಚಂದ್ರರು ಒಂದೇ ಮನೆಯಲ್ಲಿ ವಾಸ ಮಾಡುವ ದಿನ. ಅಮಾತ್ಯನೂ ಅಮಾವಾಸ್ಯೆಯೂ ಒಂದೇ ಅವ್ಯಯದ ಮಕ್ಕಳು ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ನೋಡಬೇಕು, ಅದು ನನಗೆ ಪ್ರತಿ ವರ್ಷದ ಸಂತೋಷ.

ಹಾಗಾಗಿ ಸಚಿವ, ಅಮಾತ್ಯ ಎರಡೂ ರಾಜನಿಗೆ ಎಷ್ಟು ಹತ್ತಿರ ಎಂಬುದನ್ನು ಹೇಳುವ ಪದಗಳು. ಮಂತ್ರಿ ಒಂದೇ ಮಾಡುವ ಕೆಲಸವನ್ನು ಹೇಳುವ ಪದ. ಕೌಟಿಲ್ಯ ಈ ಭೇದವನ್ನು ಎಷ್ಟು ಬಿಗಿಯಾಗಿ ಇಟ್ಟುಕೊಂಡಿದ್ದಾನೆ ಎಂದರೆ, ಅಮಾತ್ಯರನ್ನು ಆರಿಸುವ ಅಧ್ಯಾಯದ ಕೊನೆಗೆ "ಇವರೆಲ್ಲರನ್ನೂ ಅಮಾತ್ಯರನ್ನಾಗಿ ಮಾಡಿಕೊಳ್ಳಬಹುದು, ಮಂತ್ರಿಗಳನ್ನಾಗಿ ಅಲ್ಲ" ಎಂದು ಹೇಳಿಯೇ ಮುಗಿಸುತ್ತಾನೆ. ಕೆಲಸ ಮಾಡುವವರು ಬಹಳ ಮಂದಿ ಸಿಗುತ್ತಾರೆ, ಗುಟ್ಟಿನ ಮಾತಿಗೆ ಕೂರಿಸಿಕೊಳ್ಳಬಹುದಾದವರು ಕೆಲವರೇ.

ಅರ್ಥಶಾಸ್ತ್ರದಲ್ಲಿ ಮಂತ್ರಾಲೋಚನೆಗೆಂದೇ ಒಂದು ಅಧ್ಯಾಯ ಇದೆ. ಎಲ್ಲ ಕಾರ್ಯಕ್ಕೂ ಮೊದಲು ಮಂತ್ರ ಎಂಬ ಮಾತು ಅಲ್ಲಿಯದೇ. ಮಂತ್ರಾಲೋಚನೆಯ ಜಾಗ ಹೇಗಿರಬೇಕು? ಮಾತು ಹೊರಗೆ ಹೋಗಬಾರದು, ಹಕ್ಕಿಗಳ ಕಣ್ಣಿಗೂ ಬೀಳಬಾರದು. ಗಿಳಿ, ಗೊರವಂಕಗಳಿಂದ, ನಾಯಿಗಳಿಂದ ಕೂಡ ಗುಟ್ಟು ಒಡೆದದ್ದು ಕೇಳಿದ್ದೇವೆ ಎನ್ನುತ್ತಾನೆ. ಗೋಡೆಗೂ ಕಿವಿ ಇದೆ ಎಂದು ನಾವು ಹೇಳುವುದನ್ನು ಆತ ಪಂಜರದ ಗಿಳಿಯವರೆಗೂ ಎಳೆದಿದ್ದಾನೆ.

ಎಷ್ಟು ಜನ ಮಂತ್ರಿಗಳು? ಮೂರು ಅಥವಾ ನಾಲ್ಕು. ಒಬ್ಬನೇ ಆದರೆ ಅವನಿಗೆ ಲಗಾಮಿಲ್ಲ. ಇಬ್ಬರಾದರೆ ಒಂದಾಗಿ ರಾಜನನ್ನೇ ಅಮುಕುತ್ತಾರೆ, ಇಲ್ಲವೇ ತಮ್ಮೊಳಗೆ ಕಾದಾಡಿ ಕೆಲಸ ಕೆಡಿಸುತ್ತಾರೆ.

ಅದೇ ಅಧ್ಯಾಯದಲ್ಲಿ ನಿಮ್ಮ ವಿದುರನಿಗಾಗಿಯೇ ಬರೆದಂತಿರುವ ಒಂದು ಮಾತಿದೆ. ಇಂದ್ರನ ಮಂತ್ರಿಪರಿಷತ್ತಿನಲ್ಲಿ ಸಾವಿರ ಋಷಿಗಳು. ಅವರೇ ಅವನ ಕಣ್ಣು. ಅದಕ್ಕೇ ಎರಡೇ ಕಣ್ಣಿದ್ದರೂ ಅವನನ್ನು ಸಹಸ್ರಾಕ್ಷ ಎನ್ನುತ್ತಾರೆ. ಎದುರು ಕೂತವನು ಧೃತರಾಷ್ಟ್ರ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ಇನ್ನೊಮ್ಮೆ ಓದಿ.

ಈ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ ಎಂಬುದನ್ನು ಹೇಳದೆ ಇರಲಾರೆ. ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ತಂದು ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿ ಅದು. ಅದು ಏನೆಂದು ಗುರುತಿಸಿದವರು ರುದ್ರಪಟ್ಟಣ ಶಾಮಶಾಸ್ತ್ರಿಗಳು, 1905ರಲ್ಲಿ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಮಂತ್ರಿಯ ಬಗ್ಗೆ ಇಷ್ಟು ಹೇಳಿದ ಗರಿಗಳು ಅಷ್ಟು ಕಾಲ ತಾವೇ ಗುಟ್ಟಾಗಿ ಇದ್ದವು.

ನಿವೃತ್ತ ಗುಮಾಸ್ತ

ವಿಧಾನಸೌಧದಲ್ಲಿ ಮೂವತ್ತೆರಡು ವರ್ಷ ಕಡತ ಹಿಡಿದವನು ನಾನು. ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಕರ್ನಾಟಕದಲ್ಲಿ ಕಡತದ ಭಾಷೆಯಲ್ಲಿ 'ಸಚಿವ', ಜನರ ಬಾಯಲ್ಲಿ 'ಮಂತ್ರಿ'. ಆದರೆ ಮೇಲಿನವರು ಮಾತ್ರ ಯಾವಾಗಲೂ ಮುಖ್ಯಮಂತ್ರಿ, ಅವರನ್ನು ಮುಖ್ಯಸಚಿವ ಎಂದು ಬರೆದದ್ದನ್ನು ನಾನು ಕಂಡಿಲ್ಲ. ಹಿಂದಿಯಲ್ಲಿ ಇದು ತಿರುಗಾಮುರುಗಾ. ಅಲ್ಲಿ 'ಸಚಿವ್' ಎಂದರೆ ನಮ್ಮ ಕಾರ್ಯದರ್ಶಿ, ಮುಖ್ಯ ಸಚಿವ್ ಎಂದರೆ ನಮ್ಮ ಮುಖ್ಯ ಕಾರ್ಯದರ್ಶಿ. ದೆಹಲಿಯಿಂದ ಹಿಂದಿಯಲ್ಲಿ ಬಂದ ಪತ್ರವನ್ನು ಹೊಸದಾಗಿ ಸೇರಿದ ಹುಡುಗರು ನೇರವಾಗಿ ಸಚಿವರ ಕಚೇರಿಗೆ ಕಳಿಸಿಬಿಡುತ್ತಿದ್ದರು. ಕಾರ್ಯದರ್ಶಿಯವರ ಮೇಜಿಗೆ ಅದು ವಾಪಸು ಬರುವಷ್ಟರಲ್ಲಿ ಎರಡು ದಿನ. 'ಸಚಿವಾಲಯ' ಎಂಬ ಪದ ಮಾತ್ರ ನಮ್ಮ ರಾಜ್ಯದಲ್ಲೂ ಕಾರ್ಯದರ್ಶಿಗಳ ಕಚೇರಿ ಎಂಬ ಅರ್ಥವನ್ನೇ ಹಿಡಿದುಕೊಂಡಿದೆ.

ಗುರುಗಳು ಹೇಳಿದ ಗುಪ್ತಪರಿಭಾಷಣ ಎಲ್ಲಿಯೂ ಹೋಗಿಲ್ಲ. ಸಂವಿಧಾನದಲ್ಲಿಯೇ ಇದೆ. ಶಾಸಕರಾದವರು ಒಂದು ಪ್ರಮಾಣ ಸ್ವೀಕರಿಸಿದರೆ ಸಾಕು. ಮಂತ್ರಿಯಾಗುವವರು ರಾಜ್ಯಪಾಲರ ಎದುರು ಎರಡು ಸ್ವೀಕರಿಸಬೇಕು: ಅಧಿಕಾರದ್ದು, ಗೋಪ್ಯತೆಯದ್ದು. ಮಂತ್ರಿಯಾಗಿ ನನ್ನ ಮುಂದೆ ಬಂದ ವಿಷಯವನ್ನು ಕರ್ತವ್ಯಕ್ಕೆ ಬೇಕಾದಷ್ಟು ಬಿಟ್ಟು ಯಾರಿಗೂ ತಿಳಿಸುವುದಿಲ್ಲ ಎಂಬ ಪ್ರಮಾಣ ಅದು. ಇನ್ನು 163ನೇ ವಿಧಿ: ರಾಜ್ಯಪಾಲರಿಗೆ ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲ ಇರತಕ್ಕದ್ದು. ಕೇಂದ್ರದಲ್ಲಿ ರಾಷ್ಟ್ರಪತಿಗಳಿಗೆ 74ನೇ ವಿಧಿ. ಕಾಗದದ ಮೇಲೆ ಮಂತ್ರಿಯ ಕೆಲಸ ಇಂದಿಗೂ ಸಲಹೆ ಕೊಡುವುದೇ. ಆ ಸಲಹೆ ಏನಿತ್ತು ಎಂದು ಯಾವ ನ್ಯಾಯಾಲಯವೂ ಕೇಳುವಂತಿಲ್ಲ ಎಂದು ಅದೇ ವಿಧಿಗಳು ಹೇಳುತ್ತವೆ. ರಾಷ್ಟ್ರಪತಿಗಳು ಆ ಸಲಹೆಯಂತೆ ನಡೆಯಲೇಬೇಕು ಎಂದು 1976ರ 42ನೇ ತಿದ್ದುಪಡಿ ಸ್ಪಷ್ಟ ಮಾಡಿತು, ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು ಎಂದು 1978ರ 44ನೆಯದು ಸೇರಿಸಿತು.

ಪ್ರಮಾಣವಚನದ ದಿನ ರಾಜಭವನದ ಹುಲ್ಲುಹಾಸಿನ ಅಂಚಿನಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ. ಎರಡನೆಯ ಪ್ರಮಾಣಕ್ಕೆ ಬರುವಷ್ಟರಲ್ಲಿ ಬೆಂಬಲಿಗರು ಚಪ್ಪಾಳೆ ತಟ್ಟಿ ಆಗಿರುತ್ತದೆ, ಯಾರೂ ಕಿವಿಗೊಡುವುದಿಲ್ಲ. ಮಂತ್ರಿ ಎಂಬ ಹೆಸರಿನ ಅರ್ಥ ಇರುವುದು ಆ ಎರಡನೆಯದರಲ್ಲಿ.

ಕಿತ್ತಳೆ

ಕೌಲಾಲಂಪುರದಿಂದ ಬರೆಯುತ್ತಿದ್ದೇನೆ, ಊರು ತೀರ್ಥಹಳ್ಳಿ. ಇಲ್ಲಿಗೆ ಬಂದ ಹೊಸತರಲ್ಲಿ ಪತ್ರಿಕೆಯಲ್ಲಿ 'ಪರ್ದಾನ ಮೆಂತೆರಿ' ಎಂದು ಓದಿ ನನಗೆ ನಂಬಲಾಗಲಿಲ್ಲ. ಪ್ರಧಾನ ಮಂತ್ರಿ! ಮಲಯ ಭಾಷೆಗೆ ಸಾವಿರ ವರ್ಷಕ್ಕೂ ಹಿಂದಿನಿಂದ ಸಂಸ್ಕೃತದ ಪದಗಳು ಬಂದಿವೆ, ಅವುಗಳಲ್ಲಿ ಇದೂ ಒಂದು. ಕೆಲವು ರಾಜ್ಯಗಳ ಮುಖ್ಯಮಂತ್ರಿಗೆ 'ಮೆಂತೆರಿ ಬೆಸಾರ್', ಅಂದರೆ ದೊಡ್ಡ ಮಂತ್ರಿ. ಥಾಯ್ಲೆಂಡಿನಲ್ಲಿ ಪ್ರಧಾನಿಯನ್ನು ಕರೆಯುವ ಹೆಸರನ್ನು ಬಿಡಿಸಿದರೆ ನಾಯಕ, ರಾಷ್ಟ್ರ, ಮಂತ್ರಿ ಮೂರೂ ಸಿಗುತ್ತವೆ.

ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಮಲಕ್ಕಾಕ್ಕೆ ಬಂದಾಗ ಈ ಮೆಂತೆರಿಯನ್ನು ಕಿವಿಯಲ್ಲಿ ಹಾಕಿಕೊಂಡರು. ಅವರ ಭಾಷೆಯಲ್ಲಿ 'ಮಂದಾರ್' ಎಂದರೆ ಅಪ್ಪಣೆ ಮಾಡು. ಎರಡೂ ಬೆರೆತು 'ಮಂದರಿಂ' ಆಯಿತು. ಚೀನಾದ ಅಧಿಕಾರಿಗಳನ್ನು ಹಾಗೆ ಕರೆದರು, ಆ ಅಧಿಕಾರಿಗಳು ಆಡುವ ಭಾಷೆ ಮ್ಯಾಂಡರಿನ್ ಆಯಿತು. ಇಲ್ಲಿ ಚೀನೀ ಹೊಸವರ್ಷಕ್ಕೆ ಪಕ್ಕದ ಮನೆಯವರು ಎರಡು ಮ್ಯಾಂಡರಿನ್ ಕಿತ್ತಳೆ ತಂದು ಎರಡೂ ಕೈಯಲ್ಲಿ ಕೊಡುತ್ತಾರೆ, ನಾವೂ ಎರಡು ಕೊಡಬೇಕು. ಸಿಪ್ಪೆ ಸುಲಿಯುವಾಗ ನನಗೆ ಪ್ರತಿ ಸಲ ಅನಿಸುತ್ತದೆ, ಹಸ್ತಿನಾವತಿಯ ವಿದುರನ ಪದವಿಯ ಹೆಸರು ಎಲ್ಲಿಂದ ಎಲ್ಲಿಗೆ ಬಂತು ಎಂದು.

ಒಂದು ಬದಲಾವಣೆ ಗಮನಿಸಿ. ದಾರಿಯಲ್ಲಿ ಸಲಹೆ ಹೇಳುವವನು ಅಪ್ಪಣೆ ಮಾಡುವವನಾದ.

ಸಾಗರದವಳು

ಗುಮಾಸ್ತರು ಸಲಹೆ ಎಂದದ್ದಕ್ಕೆ ಕೇಳುತ್ತೇನೆ. ಈ 'ಸಲಹೆ' ನಮ್ಮ 'ಸಲಹು' ಎಂಬುದರಿಂದಲೇ ಅಲ್ಲವೇ? ಸಲಹುವವನ ಮಾತು ಸಲಹೆ. ಇದಾದರೂ ಅಚ್ಚಗನ್ನಡ ಎಂದು ನಾನು ಇಷ್ಟು ದಿನ ನಂಬಿದ್ದೆ.

ಕಲಬುರ್ಗಿ ಮಂದಿ

ಅಕ್ಕಾರ, ಅದು ನೋಡಲಿಕ್ಕೆ ಹಾಗೆ ಕಾಣ್ತದ, ಆದರ ಹಾಗಲ್ಲ. 'ಸಲಹು' ನಮ್ಮದೇ ಹಳೇ ಪದ, ಸಾಕು, ಕಾಪಾಡು ಅಂತ ಅರ್ಥ. 'ಸಲಹೆ' ಬಂದಿದ್ದು ಬ್ಯಾರೆ ದಾರಿಯಿಂದ. ಉರ್ದುವಿನ 'ಸಲಾಹ್'. ತೆಲುಗಿನಲ್ಲಿ 'ಸಲಹಾ', ಮರಾಠಿಯಲ್ಲಿ 'ಸಲ್ಲಾ', ಹಿಂದಿಯಲ್ಲಿ 'ಸಲಾಹ್'. ಸಲಹು ಅನ್ನೋ ಕ್ರಿಯಾಪದ ಮರಾಠಿಗೂ ಇಲ್ಲ, ಹಿಂದಿಗೂ ಇಲ್ಲ, ಆದರ ಈ ಪದ ಎಲ್ಲಾ ಕಡೆ ಅದ. 'ಸಲಹಾ ಸಮಿತಿ' ಅಂತ ಬರಿವಾಗ ಆ ದೀರ್ಘ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ರಿ.

ಮೂಲ ಅರಬ್ಬಿ. ಸ್ವಾದ್, ಲಾಮ್, ಹೇ ಅನ್ನೋ ಮೂರು ಅಕ್ಷರದ ಬೇರು. ಒಳಿತು, ಸರಿಯಾಗಿರೋದು ಅಂತ ಅದರ ಅರ್ಥ. ಅದೇ ಬೇರಿನಿಂದ 'ಸುಲಹ್', ರಾಜಿ. 'ಇಸ್ಲಾಹ್', ತಿದ್ದುಪಡಿ. ಇನ್ನೊಂದು 'ಮಸ್ಲಹತ್', ಹಿತವಾದ ಯೋಚನೆ. ಈ ಕೊನೆಯದು ಕನ್ನಡದಾಗ ಏನಾಗ್ಯದ ಗೊತ್ತೇನ್ರಿ? ಮಸಲತ್ತು! 'ಏನೋ ಮಸಲತ್ತು ನಡೆಸ್ಯಾರ' ಅಂತೀವಲ್ಲ, ಅದು. ಸಲಹೆಗಾರ ಮತ್ತ ಮಸಲತ್ತುಗಾರ ಒಂದೇ ತಾಯಿ ಮಕ್ಕಳು. ನಾಕು ಮಂದಿ ಬಾಗಲಾ ಹಾಕ್ಕೊಂಡು ಕುಂತು ಮಾತಾಡಿದರ ಒಳಗಿದ್ದವರಿಗೆ ಅದು ಸಲಹೆ, ಹೊರಗಿದ್ದವರಿಗೆ ಮಸಲತ್ತು.

ಹಿಂದಿಯವರು 'ಸಲಾಹ್‌ಕಾರ್' ಅಂದರು, ನಾವು ಬಳೆಗಾರ, ಹೂಗಾರ ಇದ್ದಂಗ 'ಗಾರ' ಹಚ್ಚಿ ಸಲಹೆಗಾರ ಮಾಡ್ಕೊಂಡ್ವಿ. ನಮ್ಮ ಮನ್ಯಾಗ ಮೊದಲಿಂದ ಉರ್ದು, ಕನ್ನಡ ಎರಡೂ ಆಡತೀವಿ, ಅದಕ್ಕ ಈ ಪದ ನನಗ ಭಾಳ ಪ್ರೀತಿದು. ಅದು ಅಚ್ಚಗನ್ನಡ ಅಲ್ಲ, ಆದರ ನಮ್ಮದು.

ಸಾಗರದವಳು

ಒಪ್ಪಿದೆ. ಮಸಲತ್ತು ಮಾತ್ರ ನಿಜಕ್ಕೂ ಕಣ್ಣು ತೆರೆಸಿತು.

ಜಯನಗರ

ನಾನು ಸಾಫ್ಟ್‌ವೇರ್ ಕೆಲಸದವಳು. ನಮ್ಮಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಒಬ್ಬ 'ಮೆಂಟರ್' ಇರುತ್ತಾರೆ. ಆ ಪದ ಹೋಮರನ ಕಾವ್ಯದಿಂದ ಬಂದದ್ದು ಎಂದು ಎಲ್ಲೋ ಓದಿದ್ದೆ. ಮಂತ್ರಿ, ಮೆಂಟರ್ ಎರಡರ ಸದ್ದೂ ಹತ್ತಿರ ಇದೆ. ಸಂಬಂಧ ಇದೆಯೇ, ಬರೀ ಕಾಕತಾಳೀಯವೇ?

ಹಸ್ತಪ್ರತಿ

ಒಳ್ಳೆಯ ಪ್ರಶ್ನೆ ಕೇಳಿದಿರಿ ತಾಯಿ. ಮೆಂಟರ್ ಒಬ್ಬ ವ್ಯಕ್ತಿಯ ಹೆಸರು. ಆ ಕಾವ್ಯದ ನಾಯಕ ಒಡಿಸ್ಸಿಯಸ್ ಟ್ರಾಯ್ ಯುದ್ಧಕ್ಕೆ ಹೋಗುವಾಗ ತನ್ನ ಮನೆವಾರ್ತೆಯನ್ನು ಒಪ್ಪಿಸಿ ಹೋದ ಹಳೆಯ ಗೆಳೆಯ. ಒಡಿಸ್ಸಿಯಸ್‌ನ ಮಗ ಟೆಲಿಮಾಕಸ್ ದಿಕ್ಕು ತೋಚದೆ ನಿಂತಾಗ ಅಥೀನಾ ದೇವಿ ಈ ಮೆಂಟರನ ರೂಪ ಧರಿಸಿ ಬಂದು ಬುದ್ಧಿ ಹೇಳುತ್ತಾಳೆ. 1699ರಲ್ಲಿ ಫೆನೆಲೋನ್ ಎಂಬ ಫ್ರೆಂಚ್ ಲೇಖಕ ಟೆಲಿಮಾಕಸ್‌ನ ಕಥೆಯನ್ನು ಬೆಳೆಸಿ ಬರೆದ ಮೇಲೆ ಮೆಂಟರ್ ಎಂದರೆ ಮಾರ್ಗದರ್ಶಕ ಎಂಬ ಸಾಮಾನ್ಯ ಅರ್ಥ ಹರಡಿತು.

ಆ ಹೆಸರನ್ನು ಭಾಷಾಶಾಸ್ತ್ರಜ್ಞರು ಯೋಚಿಸು ಎಂಬ ಅರ್ಥದ ಪ್ರಾಚೀನ ಧಾತುವಿಗೆ ಜೋಡಿಸುತ್ತಾರೆ. ನಮ್ಮ 'ಮನ್' ಅದೇ ಧಾತು. ಮನಸ್ಸು, ಮತಿ, ಮಂತ್ರ, ಮಂತ್ರಿ ಎಲ್ಲ ಈ ಕಡೆಗೆ, ಮೆಂಟರ್ ಆ ಕಡೆಗೆ. ಬಹಳ ದೂರದ ದಾಯಾದಿಗಳು.

ಅದೇ ಮಂತ್ರಿಗೆ ಇಂಗ್ಲಿಷಿನಲ್ಲಿ ನಾವು ಬಳಸುವ 'ಮಿನಿಸ್ಟರ್' ಮಾತ್ರ ಲ್ಯಾಟಿನ್ನಿನ ಪದ. ಅರ್ಥ: ಸೇವಕ, ಕಿರಿಯವನು. ನಮ್ಮವರು ಆ ಹುದ್ದೆಯನ್ನು ಯೋಚನೆಯಿಂದ ಹೆಸರಿಸಿದರು, ರೋಮಿನವರು ಊಳಿಗದಿಂದ ಹೆಸರಿಸಿದರು.

ಸಾಗರದವಳು

ಇಷ್ಟೆಲ್ಲ ಓದಿದ ಮೇಲೆ ಎರಡು ದಿನ ಮನಸ್ಸಿನಲ್ಲಿ ಒಂದು ವಿಷಯ ಓಡಾಡುತ್ತಿದೆ. ಮೊನ್ನೆ ನಮ್ಮ ಅಣ್ಣನ ಮಗನ ಉಪನಯನ ಇತ್ತು. ಬ್ರಹ್ಮೋಪದೇಶದ ಹೊತ್ತಿಗೆ ಅಣ್ಣ, ಅತ್ತಿಗೆ, ಮಾಣಿ ಮೂವರ ಮೇಲೂ ಹೊಸ ಪಂಚೆ ಹೊದೆಸಿದರು. ಒಳಗೆ ಅಪ್ಪ ಮಗನ ಬಲಗಿವಿಗೆ ಬಾಯಿಟ್ಟು ಮಂತ್ರ ಹೇಳುತ್ತಾನೆ. ಹೊರಗೆ ವಾದ್ಯದವರು ಜೋರಾಗಿ ಬಾರಿಸುತ್ತಾರೆ, ಬೇರೆ ಯಾರಿಗೂ ಕೇಳಿಸಬಾರದು ಎಂದು. ಬಿಳಿ ಪಂಚೆಯ ಕೆಳಗೆ ಮೂರು ತಲೆ ಒಂದಕ್ಕೊಂದು ತಾಗಿ ಕೂತದ್ದು ಮಾತ್ರ ಕಾಣುತ್ತಿತ್ತು. ನನಗೆ ಆಗ ಬಣವಿಯವರ ಐದು ಪಟಗಾ ನೆನಪಾಗಿ ಕಣ್ಣು ತುಂಬಿತು.

ಅಂದರೆ ಪುರೋಹಿತರ ಮಂತ್ರ, ಮಂತ್ರಿಯ ಮಂತ್ರ ಎಂದು ಎರಡಿಲ್ಲ. ಎರಡೂ ಕಿವಿಯಲ್ಲಿ ಹೇಳುವಂಥದ್ದೇ.

ಮತ್ತೆ ನೋಡಿ, ಇದಕ್ಕೆ ನಮ್ಮ ಕನ್ನಡದಲ್ಲೇ ಒಂದು ಪದ ಮೊದಲಿನಿಂದ ಇದೆ. ಸಂಸ್ಕೃತವೂ ಬೇಡ, ಉರ್ದುವೂ ಬೇಡ: 'ಕಿವಿಮಾತು'. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಮ್ಮ ಹೇಳುವುದು ಕಿವಿಮಾತು. ಗುಪ್ತಪರಿಭಾಷಣ ಎಂದು ಅಷ್ಟು ದೊಡ್ಡದಾಗಿ ಹೇಳಿದ್ದನ್ನು ನಮ್ಮವರು ನಾಲ್ಕಕ್ಷರದಲ್ಲಿ ಹೇಳಿದ್ದಾರೆ. ಕೆಟ್ಟ ಸಲಹೆಗೂ ಕಿವಿಯದೇ ಮಾತು: ಕಿವಿ ಊದುವುದು. ಅದನ್ನೆಲ್ಲ ನಂಬುವ ಯಜಮಾನನಿಗೆ ಹಿತ್ತಾಳೆ ಕಿವಿ.

ಹಸ್ತಪ್ರತಿ

ಸಾಗರದವರೇ, ನಾನು ಮೂವತ್ತು ವರ್ಷ ಪಾಠ ಮಾಡಿಯೂ ಕಿವಿಮಾತಿನ ಹತ್ತಿರ ಬಂದಿರಲಿಲ್ಲ. ನಿಮಗೆ ನಮಸ್ಕಾರ.

ಇದಕ್ಕೆ ಸೇರುವ ಒಂದು ಸುಭಾಷಿತ ಇದೆ, "ಷಟ್ಕರ್ಣೋ ಭಿದ್ಯತೇ ಮಂತ್ರಃ". ಆರು ಕಿವಿಗೆ ಬಿದ್ದ ಮಂತ್ರ ಒಡೆಯುತ್ತದೆ, ನಾಲ್ಕು ಕಿವಿಯಲ್ಲಿದ್ದರೆ ನಿಲ್ಲುತ್ತದೆ. ತೆಂಕುತಿಟ್ಟಿನವರಿಗೆ ಇನ್ನೊಂದು: ಉದ್ಯೋಗಪರ್ವದಲ್ಲಿ ವಿದುರನೇ ಧೃತರಾಷ್ಟ್ರನಿಗೆ ಹೇಳುವ ಮಾತು. ವಿಷ ಒಬ್ಬನನ್ನು ಕೊಲ್ಲುತ್ತದೆ, ಆಯುಧ ಒಬ್ಬನನ್ನು ಕೊಲ್ಲುತ್ತದೆ, ಸೋರಿಹೋದ ಮಂತ್ರ ರಾಷ್ಟ್ರ, ಪ್ರಜೆ ಸಮೇತ ರಾಜನನ್ನು ಕೊಲ್ಲುತ್ತದೆ. ದನಗಳು ವಾಸನೆಯಿಂದ ನೋಡುತ್ತವೆ, ರಾಜರು ಚಾರರಿಂದ ನೋಡುತ್ತಾರೆ, ಉಳಿದವರು ಕಣ್ಣಿಂದ ನೋಡುತ್ತಾರೆ ಎಂದೂ ಅಲ್ಲೇ ಹೇಳುತ್ತಾನೆ. ಇದೆಲ್ಲ ನಿಮ್ಮ ಪಾತ್ರದ ಬಾಯಿಯದೇ, ಧೈರ್ಯವಾಗಿ ಬಳಸಿ.

ಬಣವಿ

ಕೂಟ ಆದಮ್ಯಾಲ ಏನಾತು ಅಂತ ಹೇಳಾಕ ಮರೀಬ್ಯಾಡ್ರಿ.

ತೆಂಕುತಿಟ್ಟು

ನಿನ್ನೆ ರಾತ್ರಿ ಕೂಟ ಮುಗಿಯಿತು. ಮನೆಗೆ ಬಂದಾಗ ಎರಡು ಗಂಟೆ. ನಿದ್ದೆ ಬರಲಿಲ್ಲ, ಬರೆಯಲಿಕ್ಕೆ ಕೂತೆ.

ಅವರು ಕೇಳಿಯೇ ಕೇಳಿದರು, ಮಾತು ಸಹ ಬದಲಿಸಲಿಲ್ಲ. "ದಾಸಿಯ ಮಗನಿಗೆ ಯಾವ ಮಂತ್ರ ಗೊತ್ತು?" ನಾನು ಅವಸರ ಮಾಡಲಿಲ್ಲ. ಕೂತಲ್ಲಿಂದಲೇ ಸ್ವಲ್ಪ ಅವರ ಕಡೆ ಬಾಗಿ, ಸ್ವರ ಇಳಿಸಿ ಹೇಳಿದೆ:

"ಅಣ್ಣಾ, ಪುರೋಹಿತರು ಹೋಮದ ಎದುರು ಗಟ್ಟಿಯಾಗಿ ಹೇಳುತ್ತಾರೆ, ಅದು ದೇವರಿಗೆ ಕೇಳಬೇಕು. ನನ್ನ ಮಂತ್ರ ನಾಲ್ಕು ಕಿವಿಗೆ ಮಾತ್ರ. ನನ್ನೆರಡು, ನಿನ್ನೆರಡು. ಅದಕ್ಕೆ ಕುಲದ ಅಧಿಕಾರ ಬೇಡ, ನೀನು ಕಿವಿ ಕೊಟ್ಟರೆ ಅದೇ ಅಧಿಕಾರ. ಇಂದ್ರನಿಗೆ ಇರುವುದು ಎರಡೇ ಕಣ್ಣು, ಮಂತ್ರಿಗಳಿಂದ ಅವನು ಸಾವಿರ ಕಣ್ಣಿನವನಾದ. ವಿಧಿ ನಿನಗೆ ಆ ಎರಡನ್ನೂ ಕೊಡಲಿಲ್ಲ. ನನ್ನೆರಡು ಕಣ್ಣು ಹುಟ್ಟಿದಂದಿನಿಂದ ನಿನ್ನವೇ. ಅವುಗಳಿಗೆ ಕಂಡದ್ದನ್ನು ಹೇಳಲಿಕ್ಕೆ ಬಂದಿದ್ದೇನೆ, ಪಾಂಡವರಿಗೆ ಪಾಲು ಕೊಡು."

ಸಭೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಅವರು ತುಂಬ ಹೊತ್ತು ತಲೆ ತಗ್ಗಿಸಿ ಕೂತರು. ನನಗೆ ಗೆದ್ದೆ ಅನಿಸಿತ್ತು. ಆಮೇಲೆ ಅವರು ಕೈ ಚಾಚಿ, ಗಾಳಿಯಲ್ಲಿ ತಡಕುವ ಹಾಗೆ ನನ್ನ ಹೆಗಲು ಹುಡುಕಿ ಹಿಡಿದುಕೊಂಡು, ನನಗಿಂತಲೂ ಮೆಲ್ಲಗೆ ಹೇಳಿದರು:

"ನಿನ್ನ ಲೆಕ್ಕ ಎರಡು ತಪ್ಪಿತು ತಮ್ಮಾ. ನನ್ನ ಕಿವಿ ಎರಡನ್ನೂ ಸುಯೋಧನನಿಗೆ ಕೊಟ್ಟು ಬಹಳ ಕಾಲವಾಯಿತು."

ಮದ್ದಳೆಯವರ ಕೈ ಮದ್ದಳೆಯ ಮೇಲೆಯೇ ನಿಂತಿತ್ತು. ಭಾಗವತರು ಪದ ಎತ್ತಬೇಕಾದ ಜಾಗ ಅದು, ಎತ್ತಲಿಲ್ಲ. ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. ಆಮೇಲೆ ಜಾಗಟೆಗೆ ಒಂದೇ ಪೆಟ್ಟು ಕೊಟ್ಟು, ಸಣ್ಣ ಸ್ವರದಲ್ಲಿ ಸುರು ಮಾಡಿದರು.